ನೆಲಮಾಳಿಗೇಲಿ ಸಿಕ್ಕ ಪ್ಯೂಜೋ ಸೈಕಲ್: ರೆಡಿ ಮಾಡಿಸ್ಲಾ, ಬಿಡ್ಲಾ?

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು ಹಾಸನ, ಎರಡು ವರ್ಷದಿಂದ ಫ್ರಾನ್ಸಿನ ಸೇಂತ್-ಎತಿಯೆನ್ ಅನ್ನೋ ಊರಲ್ಲಿ ಕೆಲಸದ ಮೇಲೆ ಇದ್ದೀವಿ. ನಮ್ಮ ಬಿಲ್ಡಿಂಗ್‌ನ ಕೆಳಗಿನ ಮನೇಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಹೋದ ತಿಂಗಳು ಅವರ ನೆಲಮಾಳಿಗೆ ಖಾಲಿ ಮಾಡೋಕೆ ನಾನೂ ಕೈ ಹಾಕಿದೆ, ಹಳೇ ಕಲ್ಲಿದ್ದಲು ಪೆಟ್ಟಿಗೆ ಹಿಂದೆ ಗೋಡೆಗೆ ಒರಗಿಸಿಟ್ಟ ಒಂದು ಬಿಳಿ ಪ್ಯೂಜೋ ರೇಸ್ ಸೈಕಲ್ ಸಿಕ್ತು. ತೀರಿಕೊಂಡ ಅವರ ಯಜಮಾನ್ರದ್ದಂತೆ, ಎಪ್ಪತ್ತರ ದಶಕದ ಶುರುವಲ್ಲಿ ತಗೊಂಡಿದ್ದಂತೆ, ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ, ನೀನೇ ತಗೊಂಡು ಹೋಗಪ್ಪ ಅಂದ್ರು. ಫ್ರೇಮ್ ಮೇಲೆ ರೆನಾಲ್ಡ್ಸ್ 531 ಅಂತ ಸ್ಟಿಕರ್ ಇದೆ, ಕ್ರ್ಯಾಂಕ್ ಮೇಲೆ ಸ್ಟ್ರಾಂಗ್‌ಲೈಟ್, ಬ್ರೇಕ್ ಮೇಲೆ ಮಫಾಕ್, ಗೇರ್ ಸಿಂಪ್ಲೆಕ್ಸ್, ಪೆಡಲ್ ಲ್ಯೋತಾರ್, ಹ್ಯಾಂಡಲ್ ಹಿಡಿಯೋ ಸ್ಟೆಮ್ ಮೇಲೆ ಆವಾ ಅಂತಿದೆ. ಮುಂದಿನ ಹಲ್ಲು ಎಣಿಸಿದೆ, 52 ಮತ್ತು 45. ಟಯರು ರಿಮ್ಮಿಗೆ ಅಂಟಿಸಿದ ಹಾಗಿದೆ, ಸೀಟ್ ಪೋಸ್ಟು ಅಲ್ಲಾಡ್ತಾನೇ ಇಲ್ಲ. ಇಲ್ಲಿನ ಒಂದು ಅಂಗಡಿಯವರು ನೋಡಿ 450 ಯೂರೋ ಆಗತ್ತೆ, ಅದರ ಬದಲು ಹೊಸದು ತಗೊಳ್ಳಿ ಅಂದ್ರು. ಆಫೀಸಿನ ಸ್ನೇಹಿತ ಬಣ್ಣ ಎಲ್ಲಾ ಕೆರೆಸಿ ಪೌಡರ್ ಕೋಟಿಂಗ್ ಮಾಡ್ಸು, ಗೇರ್ ಕಿತ್ತಾಕಿ ಸಿಂಗಲ್ ಸ್ಪೀಡ್ ಮಾಡು ಅಂತಾನೆ. ಮನೆಯವಳು ಗೋಡೆಗೆ ನೇತುಹಾಕೋಣ ಅಂತಾಳೆ. ನನಗೆ ಓಡಿಸೋ ಆಸೆ. ಆಮೇಲೆ ಊರಿಗೂ ತರೋ ಆಸೆ. ಏನ್ ಮಾಡ್ಲಿ ಸಾರ್?

ಉತ್ತರ: ಓಡಿಸಿ. ಆದ್ರೆ ಹೊಸದು ಮಾಡೋಕೆ ಹೋಗ್ಬೇಡಿ, ಓಡೋ ಹಾಗೆ ಮಾಡಿ ಅಷ್ಟೇ. ಇವೆರಡರ ಮಧ್ಯೆ ಇರೋ ವ್ಯತ್ಯಾಸದಲ್ಲೇ ನಿಮ್ಮ ದುಡ್ಡೂ ಉಳಿಯತ್ತೆ ಸೈಕಲ್ಲೂ ಉಳಿಯತ್ತೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ನೀವು ಹೇಳಿದ ಗುರುತುಗಳನ್ನ ಒಟ್ಟಿಗಿಟ್ಟು ನೋಡಿದ್ರೆ ಅದು ಪಿಎಕ್ಸ್-10, ಆಗಿನ ಕಾಲಕ್ಕೆ ಪ್ಯೂಜೋದವರು ಅಂಗಡೀಲಿ ಮಾರ್ತಿದ್ದ ನಿಜವಾದ ರೇಸ್ ಸೈಕಲ್. ಬೆಲ್ಜಿಯಮ್ಮಿನ ದೊಡ್ಡ ರೇಸರ್ ಎಡ್ಡಿ ಮರ್ಕ್ಸ್ 1966 ಮತ್ತು 1967ರಲ್ಲಿ ಇಟಲಿಯ ಮಿಲಾನ್-ಸಾನ್ ರೆಮೋ ರೇಸ್ ಗೆದ್ದಿದ್ದು ಪ್ಯೂಜೋ ಟೀಮಲ್ಲಿದ್ದಾಗ, ಆಮೇಲೆ 1975ರ ಟೂರ್ ಡಿ ಫ್ರಾನ್ಸಲ್ಲಿ ಪ್ರಾ-ಲೂ ಏರಿನಲ್ಲಿ ಅದೇ ಮರ್ಕ್ಸ್‌ನ ಹಿಂದೆ ಹಾಕಿ ಗೆದ್ದ ಬರ್ನಾರ್ ತೆವ್‌ನೇ ಪ್ಯೂಜೋದವನೇ. ಟೀಮಿನವರ ಸೈಕಲ್ ಬೇರೆಯಾಗೇ ತಯಾರಾಗ್ತಿತ್ತು ಬಿಡಿ, ನಿಮ್ಮ ಕೈಗೆ ಬಂದಿರೋದು ತೆವ್‌ನೇ ಸೈಕಲ್ ಅಲ್ಲ, ಆದ್ರೆ ಅವನನ್ನ ನೋಡಿ ಆಸೆಪಟ್ಟ ಒಬ್ಬ ಮನುಷ್ಯ ಸಂಬಳ ಕೂಡಿಟ್ಟು ತಗೊಂಡಿರಬಹುದಾದ ಸೈಕಲ್. ಇನ್ನೊಂದು ಮಾತು, ಸ್ಟ್ರಾಂಗ್‌ಲೈಟ್ ಕ್ರ್ಯಾಂಕೂ ಲ್ಯೋತಾರ್ ಪೆಡಲ್ಲೂ ತಯಾರಾಗಿದ್ದು ನೀವಿರೋ ಸೇಂತ್-ಎತಿಯೆನ್ನಲ್ಲೇ. ಕಲ್ಲಿದ್ದಲು, ಬಂದೂಕು, ಸೈಕಲ್ ಈ ಮೂರರಿಂದ ಬದುಕಿದ ಊರು ಅದು. ಅಂದ್ರೆ ಆ ಸೈಕಲ್ಲು ಕಲ್ಲಿದ್ದಲು ಪೆಟ್ಟಿಗೆ ಹಿಂದೆ ಸಿಕ್ಕಿದ್ದು ನನಗೇನೂ ಆಶ್ಚರ್ಯ ಅನಿಸ್ಲಿಲ್ಲ, ಒಂಥರಾ ಖುಷಿಯಾಯ್ತು.

ಈಗ ವಿಷಯಕ್ಕೆ ಬರೋಣ. ಹಳೇ ಸೈಕಲ್ ರೆಡಿ ಮಾಡ್ಬೇಕಾ ಬೇಡ್ವಾ ಅನ್ನೋದನ್ನ ಕಂಪನಿ ಹೆಸರು ನೋಡಿ ತೀರ್ಮಾನ ಮಾಡ್ಬಾರ್ದು, ಫ್ರೇಮ್ ನೋಡಿ ಮಾಡ್ಬೇಕು. ಮಿಕ್ಕಿದ್ದೆಲ್ಲಾ ಬದಲಾಯಿಸಬಹುದು, ಫ್ರೇಮ್ ಸೊಟ್ಟಗಿದ್ರೆ ಅಥವಾ ಸೀಳು ಬಿಟ್ಟಿದ್ರೆ ನಿಮ್ಮ ಮನೆಯವರು ಹೇಳಿದ ಗೋಡೆನೇ ಅದಕ್ಕೆ ಸರಿಯಾದ ಜಾಗ. ತಿಪಟೂರಲ್ಲಿ ನಮ್ಮಪ್ಪಂದು ಸೈಕಲ್ ಶಾಪ್ ಇತ್ತು, ಯಾರಾದ್ರೂ ಹಳೇ ಸೈಕಲ್ ಮಾರೋಕೆ ತಂದ್ರೆ ಅಪ್ಪ ಮೊದಲು ಬ್ರೇಕೂ ನೋಡ್ತಿರ್ಲಿಲ್ಲ ಬೆಲ್ಲೂ ನೋಡ್ತಿರ್ಲಿಲ್ಲ, ಜೇಬಿಂದ ಒಂದು ಉಂಡೆ ದಾರ ತೆಗೀತಿದ್ರು. ಹಿಂದಿನ ಚಕ್ರ ಕೂರೋ ಒಂದು ಬದಿಯ ಕೊಂಡಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೂರೋ ಹೆಡ್ ಟ್ಯೂಬ್ ಸುತ್ತಿಸ್ಕೊಂಡು ಬಂದು ಇನ್ನೊಂದು ಬದಿಯ ಕೊಂಡಿಗೆ ಬಿಗಿಯಾಗಿ ಕಟ್ಟೋದು, ಆಮೇಲೆ ಸೀಟ್ ಟ್ಯೂಬಿಗೂ ದಾರಕ್ಕೂ ಮಧ್ಯೆ ಎರಡೂ ಬದಿ ಎಷ್ಟು ಅಂತರ ಇದೆ ಅಂತ ಸ್ಕೇಲ್ ಇಟ್ಟು ನೋಡೋದು. ಎರಡೂ ಕಡೆ ಒಂದೇ ಇದ್ರೆ ಹಿಂದಿನ ಭಾಗ ನೆಟ್ಟಗಿದೆ. ಒಂದೋ ಎರಡೋ ಮಿಲಿಮೀಟರ್ ವ್ಯತ್ಯಾಸ ಇದ್ರೆ ಚಿಂತೆ ಇಲ್ಲ. ಅದಕ್ಕಿಂತ ಹೆಚ್ಚಿದ್ರೆ ಗೊತ್ತಿರೋರ ಕೈಲಿ ನೋಡಿಸ್ಬೇಕು.

ಎರಡನೇದು, ಕಣ್ಣು ಮುಚ್ಕೊಂಡು ಹೆಬ್ಬೆರಳು ಆಡಿಸಿ. ಹೆಡ್ ಟ್ಯೂಬಿನ ಹಿಂದೆ, ಮೇಲಿನ ಪೈಪೂ ಕೆಳಗಿನ ಪೈಪೂ ಸೇರೋ ಜಾಗದಿಂದ ಒಂದು ಗೇಣು ದೂರದೊಳಗೆ, ಪೈಪಿನ ಅಡಿಭಾಗದಲ್ಲಿ. ಮುಂದೆ ಎಲ್ಲಾದ್ರೂ ಗುದ್ದಿದ ಸೈಕಲ್ ಆದ್ರೆ ಅಲ್ಲಿ ಸಣ್ಣದೊಂದು ಉಬ್ಬು ಸಿಗತ್ತೆ, ಸೀರೆ ನೆರಿಗೆ ಸವರಿದ ಹಾಗೆ. ಕಣ್ಣಿಗೆ ಕಾಣದೇ ಇರೋದು ಬೆರಳಿಗೆ ಸಿಗತ್ತೆ. 531 ಪೈಪು ಮಧ್ಯದಲ್ಲಿ ತೆಳ್ಳಗೆ, ತುದಿಗಳಲ್ಲಿ ದಪ್ಪ, ಹಗುರ ಇರ್ಲಿ ಅಂತ ಹಾಗೆ ಮಾಡಿರ್ತಾರೆ, ಪೆಟ್ಟು ಬಿದ್ರೆ ದಪ್ಪ ಮುಗಿದು ತೆಳು ಶುರುವಾಗೋ ಕಡೆಯೇ ಮಡಚಿಕೊಳ್ಳತ್ತೆ. ಚೈನ್ ಬದಿಯ ಹಿಂದಿನ ಕೊಂಡಿ ಹತ್ರ, ಸೀಟ್ ಬಿಗಿಯೋ ಕಿವಿ ಹತ್ರ ಬಣ್ಣದಲ್ಲಿ ಕೂದಲೆಳೆ ಗೀರು ಇದ್ಯಾ ಅಂತನೂ ನೋಡಿ, ಬಣ್ಣ ಬಿರಿದಿದ್ರೆ ಸಾಲ್ದು ಅಡಿಯ ಕಬ್ಬಿಣ ಬಿರಿದಿದ್ಯಾ ಅನ್ನೋದು ಮುಖ್ಯ.

ಸೀಟ್ ಪೋಸ್ಟ್ ಅಲ್ಲಾಡ್ತಿಲ್ಲ ಅಂದ್ರಲ್ಲ, ಅದು ಈ ಸೈಕಲ್ಲಿನ ನಿಜವಾದ ಪರೀಕ್ಷೆ. ಅಲ್ಯೂಮಿನಿಯಂ ಪೋಸ್ಟು ಕಬ್ಬಿಣದ ಪೈಪೊಳಗೆ ಮೂವತ್ತು ವರ್ಷ ತೇವದಲ್ಲಿ ಕೂತ್ರೆ ಎರಡೂ ಕಚ್ಚಿಕೊಂಡು ಬಿಡತ್ತೆ. ಸುತ್ತಿಗೆ ತಗೋಬೇಡಿ ದಯವಿಟ್ಟು. ಸೈಕಲ್ ತಲೆಕೆಳಗು ಮಾಡಿ, ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗೋ ಆಕ್ಸಲ್ಲು, ಅದರ ಬಾಲ್ಸು) ಬಿಚ್ಚಿದ ಮೇಲೆ ಆ ತೂತಿಂದ ಸೀಟ್ ಟ್ಯೂಬೊಳಕ್ಕೆ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಬೆಳಗ್ಗೆ ಒಂದ್ಸಲ ರಾತ್ರಿ ಒಂದ್ಸಲ, ಒಂದು ವಾರ. ಆಮೇಲೆ ಪೋಸ್ಟಿನ ತುದೀನ ದೊಡ್ಡ ವೈಸಲ್ಲಿ ಕಚ್ಚಿಸಿ ಫ್ರೇಮನ್ನೇ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ, ಕಿರ್ ಅಂತ ಒಂದ್ಸಲ ಸದ್ದು ಬಂದ್ರೆ ಗೆದ್ರಿ ಅಂತ. ಆ ಸದ್ದು ಕೇಳೋ ತನಕ ಬಣ್ಣ, ಟಯರು, ಸೀಟು ಯಾವುದಕ್ಕೂ ಒಂದು ಯೂರೋ ಖರ್ಚು ಮಾಡ್ಬೇಡಿ.

ಇಷ್ಟು ಪಾಸಾದ್ರೆ ಮುಂದಿನ ವಿಷಯ ಥ್ರೆಡ್ಡು. ಹಳೇ ಫ್ರೆಂಚ್ ಸೈಕಲ್ಲಿಗೆ ಕೈ ಹಾಕಿ ಕೈ ಸುಟ್ಕೊಂಡೋರೆಲ್ಲಾ ಸುಟ್ಕೊಂಡಿರೋದು ಇಲ್ಲೇ. ಇಂಗ್ಲಿಷ್ ಸೈಕಲ್ಲು ಇಂಚಿನ ಲೆಕ್ಕ, ಫ್ರೆಂಚ್ ಸೈಕಲ್ಲು ಮಿಲಿಮೀಟರ್ ಲೆಕ್ಕ, ಎರಡೂ ಎಷ್ಟು ಹತ್ರ ಇರತ್ತೆ ಅಂದ್ರೆ ತಪ್ಪು ಪಾರ್ಟು ಒಂದೆರಡು ಸುತ್ತು ಹೋಗಿ ಕೂರತ್ತೆ, ಮೂರನೇ ಸುತ್ತಿಗೆ ಥ್ರೆಡ್ ತಿಂದು ಹಾಕತ್ತೆ. ಪೆಡಲ್ ಥ್ರೆಡ್ಡು 14 ಮಿಲಿಮೀಟರ್, ಇಂಗ್ಲಿಷಿಂದು ಒಂಬತ್ತು ಬೈ ಹದಿನಾರು ಇಂಚು ಅಂದ್ರೆ ಸುಮಾರು 14.3. ಸ್ಟೆಮ್ ಫೋರ್ಕೊಳಗೆ ಇಳಿಯೋ ಭಾಗ 22.0, ಬೇರೆ ಕಡೆ ಎಲ್ಲಾ 22.2. ಬಾಟಮ್ ಬ್ರಾಕೆಟ್ಟಿನ ಕಪ್ಪು, ಅಂದ್ರೆ ಬಾಲ್ಸ್ ಕೂರೋ ಬಟ್ಟಲು, 35 ಮಿಲಿಮೀಟರ್, ಒಂದು ಮಿಲಿಮೀಟರಿಗೆ ಒಂದು ಸುತ್ತು. ಅದರಲ್ಲೂ ಒಂದು ವಿಚಿತ್ರ ಇದೆ. ಇಂಗ್ಲಿಷ್ ಸೈಕಲ್ಲಲ್ಲಿ ಚೈನ್ ಬದಿಯ ಕಪ್ಪು ಉಲ್ಟಾ ಥ್ರೆಡ್ಡು, ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ತಿರುಗಿಸ್ಬೇಕು. ಫ್ರೆಂಚ್ ಸೈಕಲ್ಲಲ್ಲಿ ಎರಡೂ ಬದಿ ಮಾಮೂಲಿ ಥ್ರೆಡ್ಡೇ. ಇದು ಗೊತ್ತಿಲ್ಲದ ಮೆಕ್ಯಾನಿಕ್ಕು ಅಭ್ಯಾಸ ಬಲದ ಮೇಲೆ ಉಲ್ಟಾ ತಿರುಗಿಸ್ತಾ ಹೋಗ್ತಾನೆ, ಬಿಚ್ತಾ ಇದ್ದೀನಿ ಅಂದ್ಕೊಂಡು ಬಿಗೀತಾ ಇರ್ತಾನೆ, ಬರ್ಲಿಲ್ಲ ಅಂತ ಪಾನಾಗೆ ಪೈಪ್ ಸಿಗಿಸ್ತಾನೆ, ಅಲ್ಲಿಗೆ ಮುಗೀತು.

ಅದಕ್ಕೇ ನಾನು ಹೇಳೋದು, ಚೈನ್ ಬದಿಯ ಕಪ್ಪನ್ನ ಬಿಚ್ಚೋ ಅಗತ್ಯವೇ ಬಹಳ ಸಲ ಇರಲ್ಲ. ಎಡಗಡೆ ಕಪ್ಪು ಬಿಚ್ಚಿ, ಆಕ್ಸಲ್ಲು ಬಾಲ್ಸು ತೆಗೀರಿ, ಹಳೇ ಗ್ರೀಸು ಆಗ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಂದು ಬಣ್ಣಕ್ಕೆ ಬಂದಿರತ್ತೆ, ಸೀಮೆಎಣ್ಣೆ ಬಟ್ಟೇಲಿ ಒರೆಸಿ. ಬಲಗಡೆ ಕಪ್ಪನ್ನ ಅಲ್ಲೇ ಬಿಟ್ಟು ಒಳಗಡೆಯಿಂದ ಬಟ್ಟೆ ಸುತ್ತಿದ ಕಡ್ಡೀಲಿ ಒರೆಸಿ, ಆಮೇಲೆ ಒಂದು ಬಾಲ್ ಪೆನ್ ತಗೊಂಡು ಅದರ ಮೂತೀನ ಕಪ್ಪಿನ ಬಾಲ್ಸ್ ಓಡೋ ಹಾದಿಯಲ್ಲಿ ಒಂದು ಸುತ್ತು ಎಳೀರಿ. ಸಲೀಸಾಗಿ ಹೋದ್ರೆ ಕಪ್ಪು ಚೆನ್ನಾಗಿದೆ, ಟಿಕ್ ಟಿಕ್ ಅಂತ ಸಿಕ್ಕಿಕೊಂಡ್ರೆ ಗುಂಡಿ ಬಿದ್ದಿದೆ. ಚೆನ್ನಾಗಿದ್ರೆ ಹೊಸ ಕಾಲಿಂಚು ಬಾಲ್ಸು ಬದಿಗೆ ಹನ್ನೊಂದರ ಹಾಗೆ, ಹೊಸ ಗ್ರೀಸು, ವಾಪಸ್ ಜೋಡಿಸಿ. ಬಲಗಡೆ ಕಪ್ಪು ಬಿಗಿಯಾಗಿದ್ಯಾ ಅಂತ ಮಾತ್ರ ಆಗಾಗ ನೋಡ್ತಿರಿ, ಮಾಮೂಲಿ ಥ್ರೆಡ್ ಆಗಿರೋದ್ರಿಂದ ತುಳೀತಾ ತುಳೀತಾ ತಾನಾಗೇ ಸಡಿಲ ಆಗೋ ಗುಣ ಅದಕ್ಕಿದೆ, ಇಂಗ್ಲಿಷಿನವರು ಉಲ್ಟಾ ಮಾಡಿದ್ದೇ ಇದಕ್ಕೆ.

ಕ್ರ್ಯಾಂಕ್ ಬಿಚ್ಚೋಕೆ ಮುಂಚೆ ಇನ್ನೊಂದು ಎಚ್ಚರಿಕೆ. ಈಗ ಎಲ್ಲಾ ಅಂಗಡೀಲಿ ಇರೋ ಕ್ರ್ಯಾಂಕ್ ಪುಲ್ಲರು, ಅಂದ್ರೆ ಕ್ರ್ಯಾಂಕ್ ಎಳೆದು ತೆಗೆಯೋ ಸಾಧನ, 22 ಮಿಲಿಮೀಟರಿಂದು, ಹಳೇ ಸ್ಟ್ರಾಂಗ್‌ಲೈಟಿಗೆ ಬೇಕಾಗಿರೋದು 23.35. ಮಾಮೂಲಿ ಪುಲ್ಲರ್ ಹಾಕಿದ್ರೆ ಒಳಗೆ ಹೋಗತ್ತೆ, ಹಿಡ್ಕೊಂಡ ಹಾಗೆ ಅನಿಸತ್ತೆ, ತಿರುಗಿಸಿದ ತಕ್ಷಣ ಅಲ್ಯೂಮಿನಿಯಂ ಥ್ರೆಡ್ಡನ್ನ ಕಿತ್ಕೊಂಡು ಹೊರಗೆ ಬರತ್ತೆ, ಆಮೇಲೆ ಆ ಕ್ರ್ಯಾಂಕನ್ನ ತೆಗೆಯೋದೇ ಕಷ್ಟ. ಪೆಡಲ್ಲಿನ ಆಕ್ಸಲ್ ತುದೀಲಿ ಡಿ ಮತ್ತು ಜಿ ಅಂತ ಅಕ್ಷರ ಕೊರೆದಿರ್ತಾರೆ, ದ್ರುವಾತ್ ಅಂದ್ರೆ ಬಲ, ಗೋಶ್ ಅಂದ್ರೆ ಎಡ, ಬಿಚ್ಚಿಟ್ಟ ಮೇಲೆ ಅದಲು ಬದಲು ಮಾಡ್ಕೋಬೇಡಿ.

ಏನೇನು ಕಡ್ಡಾಯವಾಗಿ ಬದಲಾಯಿಸ್ಬೇಕು ಅಂದ್ರೆ, ಮೊದಲು ಆ ಆವಾ ಸ್ಟೆಮ್ಮು. ಇದು ನಾನು ಬೇಡಿಕೊಂಡು ಹೇಳೋ ಮಾತು. ಫೋರ್ಕೊಳಗೆ ಇಳಿಯೋ ಭಾಗದಲ್ಲಿ ಒಂದು ಸೀಳು ಇರತ್ತಲ್ಲ, ಹಳೇ ಆವಾ ಸ್ಟೆಮ್ಮುಗಳು ಆ ಸೀಳು ಮುಗಿಯೋ ಜಾಗದಲ್ಲಿ ಬಿರಿದು ಮುರಿದಿದ್ದು ಎಷ್ಟೋ ಇದೆ, ಇಳಿಜಾರಲ್ಲಿ ಹ್ಯಾಂಡಲ್ ಕೈಗೆ ಬಂದ್ರೆ ಏನಾಗತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಹೊಸ ಸ್ಟೆಮ್ ತಗೊಂಡು ಹಾಕಿ, 22.0 ಸಿಗದೇ ಇದ್ರೆ 22.2ರದ್ದನ್ನ ತಗೊಂಡು ಸಣ್ಣ ಎಮರಿ ಪೇಪರಲ್ಲಿ ನಿಧಾನಕ್ಕೆ ಉಜ್ಜಿ ಕೂರಿಸೋರು ಬಹಳ ಜನ ಇದ್ದಾರೆ, ಕಾಲು ಭಾಗ ಮಿಲಿಮೀಟರೂ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಹ್ಯಾಂಡಲ್ ಬಾರೂ ಅದೇ ವಯಸ್ಸಿಂದು, ಅದನ್ನೂ ಜೊತೇಲೇ ಬದಲಾಯಿಸಿ. ಎರಡನೇದು ಟಯರು. ಅಂಟು ಹಾಕಿ ಕೂರಿಸೋ ಟ್ಯೂಬುಲರ್ ಅದು, ಮೂವತ್ತು ವರ್ಷದ ಅಂಟು ಒಣಗಿ ಪುಡಿಯಾಗಿರತ್ತೆ, ತಿರುವಲ್ಲಿ ಟಯರು ರಿಮ್ಮಿಂದ ಕಳಚಿಕೊಳ್ಳತ್ತೆ. ಮತ್ತೆ ಅಂಟಿನ ಸಹವಾಸ ಬೇಡ ಅನ್ನೋದಾದ್ರೆ ಹಳೇ ಚಕ್ರಗಳನ್ನ ಹಾಗೇ ಎತ್ತಿಟ್ಟು, ಹಿಂದೆ 120 ಮಿಲಿಮೀಟರಿನ ಹಬ್ ಇರೋ ಸೆಕೆಂಡ್ ಹ್ಯಾಂಡ್ 700ಸಿ ಚಕ್ರ ಹುಡುಕಿ, ಟ್ಯೂಬುಲರ್ ರಿಮ್ಮಿಗೂ ಅದಕ್ಕೂ ಅಳತೆ ಒಂದೇ ಆಗಿರೋದ್ರಿಂದ ಬ್ರೇಕು ಹಾಗೇ ಕೂರತ್ತೆ. ಬ್ರೇಕ್ ರಬ್ಬರು, ಕೇಬಲ್ಲು, ಚೈನು ಇವೆಲ್ಲಾ ಹೊಸದು ಹಾಕ್ಲೇಬೇಕು, ಇದರಲ್ಲಿ ಯೋಚನೆ ಮಾಡೋಕೆ ಏನಿಲ್ಲ. ಮಫಾಕ್ ಬ್ರೇಕು ಕೀಂ ಅಂತ ಕಿರುಚತ್ತೆ, ಹೆದರ್ಬೇಡಿ, ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗೋ ಹಾಗೆ ಸ್ವಲ್ಪ ಓರೆ ಮಾಡಿದ್ರೆ ನಿಲ್ಲತ್ತೆ, ಅದನ್ನ ಎಲ್ಲಾ ದಿಕ್ಕಿಗೂ ತಿರುಗಿಸೋಕೆ ಬರೋ ಹಾಗೇ ಮಾಡಿದ್ದಾರೆ. ಸಿಂಪ್ಲೆಕ್ಸ್ ಗೇರು ಪ್ಲಾಸ್ಟಿಕ್ಕಿಂದಾ ಅಲ್ವಾ ಅಂತ ನೋಡ್ಕೊಳ್ಳಿ, ಆ ಕಾಲದ ಡೆಲ್ರಿನ್ ಪ್ಲಾಸ್ಟಿಕ್ಕು ಕೂತಲ್ಲೇ ಬಿರುಕು ಬಿಡತ್ತೆ, ಬಿರುಕು ಇಲ್ಲದಿದ್ರೆ ಓಡಿಸಿ.

ಬಣ್ಣ ಮುಟ್ಬೇಡಿ. ಇದನ್ನ ಬರಿಯೋವಾಗ ನನಗೆ ಈಗಲೂ ಸಂಕಟ ಆಗತ್ತೆ. ನಾನು ಲಿಯೋನಲ್ಲಿದ್ದಾಗ ಭಾನುವಾರದ ಹಳೇ ಸಾಮಾನಿನ ಸಂತೇಲಿ ಒಂದು ನೀಲಿ ಜಿತಾನ್ ಕಂಪನಿ ಸೈಕಲ್ ತಗೊಂಡಿದ್ದೆ, ಅಲ್ಲಲ್ಲಿ ಬಣ್ಣ ಎದ್ದಿತ್ತು ಅಷ್ಟೇ, ಹೊಸದರ ಹಾಗೆ ಮಾಡೋಣ ಅಂತ ಒಂದು ಪೌಡರ್ ಕೋಟಿಂಗ್ ಅಂಗಡಿಗೆ ಕೊಟ್ಟೆ. ಅವರು ಮರಳು ಹೊಡೆದು ಕೆರೆದು ದಪ್ಪಗೆ ಬಣ್ಣ ಬಳಿದು ಕೊಟ್ರು. ಪೈಪು ಸೇರೋ ಕಡೆ ಅವನ್ನ ಹಿಡಿದಿಡೋ ಲಗ್ಗಿನ ಚೂಪಾದ ಅಂಚುಗಳು, ಅದರ ಸಣ್ಣ ಸಣ್ಣ ಬಳುಕು, ಎಲ್ಲಾ ಬಣ್ಣದಡಿ ಮುಚ್ಚಿಹೋಗಿ ಹಿಟ್ಟು ಮೆತ್ತಿದ ಹಾಗೆ ಕಾಣ್ತಿತ್ತು. ಮೇಲಿನ ಪೈಪಿನ ಮೇಲೆ ಹಿಂದಿನ ಯಜಮಾನ ಬ್ರಷ್ಷಲ್ಲಿ ಪುಟ್ಟದಾಗಿ ತನ್ನ ಹೆಸರು ಬರೆಸಿಕೊಂಡಿದ್ದ, ಅದೂ ಹೋಯ್ತು, ನಾನು ಫೋಟೋ ಕೂಡ ತೆಗ್ದಿಟ್ಟಿರ್ಲಿಲ್ಲ. ಕಾರ್ಖಾನೆ ಬಣ್ಣ ಒಂದೇ ಸಲ ಬರೋದು ಸ್ವಾಮಿ. ನಿಮ್ಮದರ ಮೇಲೆ ಗೀರು ಇದ್ರೆ ಗೀರು ಇರ್ಲಿ, ತುಕ್ಕು ಚುಕ್ಕೆಗಳನ್ನ ಮಾತ್ರ ಮೆಲ್ಲಗೆ ಕೆರೆದು ಒಂದು ತೊಟ್ಟು ಬಿಳಿ ಬಣ್ಣ ಇಟ್ಟು ಮೇಣ ಉಜ್ಜಿ. ಸ್ನೇಹಿತರು ಹೇಳಿದ ಸಿಂಗಲ್ ಸ್ಪೀಡ್ ವಿಚಾರಕ್ಕೂ ಇದೇ ಉತ್ತರ, ಅದಕ್ಕೆ ಬೇರೆ ಎಷ್ಟೋ ಸಾಧಾರಣ ಫ್ರೇಮ್‌ಗಳಿವೆ, ಪಿಎಕ್ಸ್-10 ಬೇಡ.

450 ಯೂರೋ ಲೆಕ್ಕ ಅಂಗಡಿಯವರ ಕಡೆಯಿಂದ ಸುಳ್ಳೇನಲ್ಲ, ಇಂಥ ಸೈಕಲ್ಲಿಗೆ ಗಂಟೆಗಟ್ಟಲೆ ಕೂರ್ಬೇಕು, ಆ ಕೂಲಿ ಅದು. ಆದ್ರೆ ಕೂಲಿ ನಿಮ್ಮದೇ ಆದ್ರೆ ಖರ್ಚು ಬಹಳ ಇಳಿಯತ್ತೆ. ಫ್ರಾನ್ಸಲ್ಲಿ ಸುಮಾರು ಊರುಗಳಲ್ಲಿ ಅಟೆಲಿಯೇ ವೆಲೋ ಅಂತ ಸಂಘಗಳಿವೆ, ವರ್ಷಕ್ಕೆ ಸಣ್ಣ ಮೆಂಬರ್‌ಶಿಪ್ ಕಟ್ಟಿದ್ರೆ ಅವರ ಪಾನಾ, ವೈಸು, ಸ್ಟ್ಯಾಂಡು ಎಲ್ಲಾ ಬಳಸಿ ನಿಮ್ಮ ಸೈಕಲ್ ನೀವೇ ರಿಪೇರಿ ಮಾಡ್ಕೋಬಹುದು, ಗೊತ್ತಿರೋರು ಪಕ್ಕ ನಿಂತು ಹೇಳಿಕೊಡ್ತಾರೆ. ಇವೆಲ್ಲಾ ಸೇರಿದ ಒಕ್ಕೂಟಕ್ಕೆ ಲೋರೋ ಸಿಕ್ಲಾಜ್ ಅಂತ ಹೆಸರು, ಅದರ ಪಟ್ಟಿ ನೋಡಿದ್ರೆ ನಿಮ್ಮ ಹತ್ತಿರದ್ದು ಗೊತ್ತಾಗತ್ತೆ. 23.35ರ ಪುಲ್ಲರ್ ಇದ್ಯಾ ಅಂತ ಅಲ್ಲೇ ಕೇಳಿ, ಹಳೇ ಪಾರ್ಟಿನ ಡಬ್ಬಗಳನ್ನೂ ತಡಕಾಡಿ, 22.0 ಸ್ಟೆಮ್ಮು 26.4 ಸೀಟ್ ಪೋಸ್ಟು ಸಿಗೋ ಜಾಗ ಅವೇ.

ಗೇರಿನ ಬಗ್ಗೆ ಒಂದು ಮಾತು. 52, 45 ಅಂದ್ರೆ ರೇಸ್ ಓಡಿಸೋ ಗಟ್ಟಿ ಕಾಲಿಗೆ ಮಾಡಿದ್ದು. ನಿಮ್ಮೂರಿಂದ ದಕ್ಷಿಣಕ್ಕೆ ಹೊರಟ್ರೆ ಸೀದಾ ಕೋಲ್ ದ ಲಾ ರೆಪ್ಯುಬ್ಲೀಕ್ ಘಾಟಿ, 1161 ಮೀಟರ್, 1903ರ ಮೊಟ್ಟಮೊದಲ ಟೂರ್ ಡಿ ಫ್ರಾನ್ಸಿನವರು ಹತ್ತಿದ ಘಾಟಿ ಅದು. ನೀವು ಅದನ್ನ ಹತ್ತೇ ಹತ್ತೀರಿ, ಅದು ನನಗೆ ಗೊತ್ತು, ಮೇಲೆ ಹೋದಾಗ ವೆಲೋಸಿಯೋ ಅವರ ಸ್ಮಾರಕ ಇದೆ, ಬದಲಾಯಿಸೋ ಗೇರು ಬೇಕು ಅಂತ ರೇಸಿನ ದೊಡ್ಡವರ ಜೊತೆ ಜೀವನವಿಡೀ ವಾದ ಮಾಡಿದ ಸೇಂತ್-ಎತಿಯೆನ್ನಿನ ಮನುಷ್ಯ, ಒಂದು ನಿಮಿಷ ನಿಂತು ನೋಡಿ. ನಿಮ್ಮ ಕ್ರ್ಯಾಂಕ್ ಸ್ಟ್ರಾಂಗ್‌ಲೈಟ್ 93 ಅನ್ನೋ ಮಾಡೆಲ್ ಆಗಿದ್ರೆ ಅದಕ್ಕೆ 38 ಹಲ್ಲಿನಷ್ಟು ಸಣ್ಣ ಚೈನ್‌ರಿಂಗ್ ತನಕ ಕೂರತ್ತೆ, ಹಳೇದು ಎಲ್ಲಾದ್ರೂ ಸಿಕ್ರೆ 45ರ ಬದಲು ಅದನ್ನ ಹಾಕ್ಕೊಳ್ಳಿ, ಮಂಡಿ ಉಳಿಯತ್ತೆ.

ಊರಿಗೆ ತರೋದು? ಹಾಸನದಲ್ಲಾಗ್ಲಿ ಬೆಂಗಳೂರಲ್ಲಾಗ್ಲಿ ಫ್ರೆಂಚ್ ಥ್ರೆಡ್ಡಿನ ಕಪ್ಪು ಸಿಗತ್ತೆ ಅಂತ ನಂಬಿ ಬರ್ಬೇಡಿ, ನಮ್ಮ ಸೈಕಲ್ಲುಗಳು ಬಂದಿದ್ದು ಇಂಗ್ಲಿಷಿನವರ ಇಂಚಿನ ದಾರೀಲಿ. ತರೋದಾದ್ರೆ ಒಂದು ಜೊತೆ ಕಪ್ಪು, ಆಕ್ಸಲ್ಲು, ಹ್ಯಾಂಡಲ್ ತಿರುಗೋ ಕಡೆಯ ಹೆಡ್‌ಸೆಟ್ಟು, ಒಂದು ಫ್ರೀವೀಲು, ಆ ಪುಲ್ಲರು ಇಷ್ಟನ್ನೂ ಜೊತೆಗೆ ಕಟ್ಕೊಂಡು ಬನ್ನಿ. ಅದಕ್ಕೆ ಮುಂಚೆ ಅಜ್ಜಿ ಹತ್ರ ಕೂತು ಅವರ ಯಜಮಾನ್ರು ಈ ಸೈಕಲ್ ಮೇಲೆ ಎಲ್ಲೆಲ್ಲಿ ಹೋಗ್ತಿದ್ರು, ಎಲ್ಲಿ ತಗೊಂಡ್ರು ಅಂತ ಕೇಳಿ ಬರ್ಕೊಳ್ಳಿ. ಸೈಕಲ್ ರೆಡಿಯಾದ ದಿನ ಮೊದಲು ಅವರ ಬಾಗಿಲ ಮುಂದೆ ನಿಲ್ಲಿಸಿ ತೋರಿಸಿ.

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮ ದೊಡ್ಡಪ್ಪ ವಾಪಸ್ ಬರೋವಾಗ 1970ರ ದಶಕದ ಮೊಟೊಬೆಕಾನ್ ಅನ್ನೋ ಫ್ರೆಂಚ್ ಸೈಕಲ್ ತಂದು ನನಗೆ ಕೊಟ್ರು. ಟಯರ್ ಮೇಲೆ 27 x 1¼ ಅಂತಿದೆ. ಇಲ್ಲಿ ಮೈಸೂರಲ್ಲಿ ಒಂದು ಅಂಗಡೀಲಿ 28 ಹಾಕಿ ಕೊಡ್ತೀವಿ ಅಂದ್ರು, ಇನ್ನೊಂದು ಕಡೆ 700ಸಿನೇ 28 ಅಂದ್ರು. ಯಾವುದು ಸರಿ?

ಉತ್ತರ: ಎರಡೂ ಕೂರಲ್ಲ. ಟಯರಿನ ಹೆಸರು ಬಿಡಿ, ರಿಮ್ಮಿನಲ್ಲಿ ಟಯರಿನ ತಂತಿ ಕೂರೋ ಅಳತೆ ನೋಡಿ. ನಿಮ್ಮ 27ರದ್ದು 630 ಮಿಲಿಮೀಟರ್, ನಮ್ಮ ಹಾಲಿನವರ ಕರೀ ಸೈಕಲ್ಲಿನ 28 x 1½ ಅಂದ್ರೆ 635, 700ಸಿ ಅಂದ್ರೆ 622. 635ರ ಟಯರ್ ಹಾಕಿದ್ರೆ ಸಡಿಲವಾಗಿ ಕೂತು ಗಾಳಿ ತುಂಬಿದ ಮೇಲೆ ಢಬ್ ಅನ್ನತ್ತೆ, 622ರದ್ದು ಹತ್ತೋದೇ ಇಲ್ಲ. 27 x 1¼ ಟಯರ್ ಈಗಲೂ ತಯಾರಾಗತ್ತೆ, ಆನ್‌ಲೈನಲ್ಲಿ ತರಿಸಿ, ಎರಡು ಜೊತೆ ಒಟ್ಟಿಗೇ ತರಿಸಿಡಿ. ಅಥವಾ ಚಕ್ರಾನೇ 700ಸಿಗೆ ಬದಲಾಯಿಸಬಹುದು, ರಿಮ್ಮು ಬದಿಗೆ 4 ಮಿಲಿಮೀಟರ್ ಒಳಗೆ ಹೋಗತ್ತೆ, ಆ ಕಾಲದ ಸೆಂಟರ್‌ಪುಲ್ (ಕೇಬಲ್ಲು ಮಧ್ಯದಿಂದ ಎಳೆಯೋ) ಬ್ರೇಕಿಗೆ ಅಷ್ಟು ಕೆಳಗೆ ಇಳಿಯೋ ಜಾಗ ಸಾಮಾನ್ಯವಾಗಿ ಇರತ್ತೆ, ಅಳೆದು ನೋಡಿ. ಈಗಿರೋ ರಿಮ್ಮು ಕಬ್ಬಿಣದ್ದಾದ್ರೆ ನಾನು ಎರಡನೇ ದಾರೀನೇ ಹೇಳ್ತೀನಿ, ಮಳೇಲಿ ಕಬ್ಬಿಣದ ರಿಮ್ಮಿಗೆ ಬ್ರೇಕ್ ಹಿಡಿಯೋದೇ ಇಲ್ಲ, ಮೈಸೂರಿನ ಮಳೇಲಿ ಅಲ್ಯೂಮಿನಿಯಂ ರಿಮ್ಮು ಒಳ್ಳೇದು. ಒಂದೇ ಎಚ್ಚರಿಕೆ, ಹಳೇ ಫ್ರೀವೀಲನ್ನ ಹೊಸ ಹಬ್ಬಿಗೆ ಒತ್ತಾಯ ಮಾಡಿ ಹತ್ತಿಸ್ಬೇಡಿ. ಫ್ರೆಂಚ್ ಫ್ರೀವೀಲಿನ ಥ್ರೆಡ್ಡು 34.7, ಇಂಗ್ಲಿಷಿಂದು 34.8, ಕೈಯಲ್ಲಿ ಸಲೀಸಾಗಿ ಪೂರ್ತಿ ತಿರುಗಿದ್ರೆ ಸರಿ, ಇಲ್ಲಾಂದ್ರೆ ಅಲ್ಲೇ ನಿಲ್ಲಿಸಿ.

ಪ್ರಶ್ನೆ: ಸರ್ರ, ನಾ ಧಾರವಾಡದ ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೀ ಫ್ರೆಂಚ್ ಸೈಕಲ್ಲಿಗೆ ಅಳತಿ ಎಲ್ಲಾ ಬ್ಯಾರೆ ಯಾಕ್ರಿ? ಒಂದ ಅಳತಿ ಮಾಡಿದ್ರ ಎಲ್ಲಾರಿಗೂ ಛಲೋ ಆಗ್ತಿತ್ತಲ್ರಿ?

ಉತ್ತರ: ಅವರಿಗೆ ಅದೇ ಒಂದೇ ಅಳತೆ ಆಗಿತ್ತು ತಮ್ಮಾ. ಮಿಲಿಮೀಟರ್ ದೇಶ, ಪೈಪು 26 ಮತ್ತು 28, ಇಂಗ್ಲಿಷಿನವರದ್ದು 25.4 ಮತ್ತು 28.6. ಗೇರು ದಿಜೋನ್‌ನ ಸಿಂಪ್ಲೆಕ್ಸಿಂದ, ಬ್ರೇಕು ಕ್ಲೆರ್ಮೋನ್-ಫೆರಾನ್‌ನ ಮಫಾಕಿಂದ, ಕ್ರ್ಯಾಂಕು ಪೆಡಲ್ಲು ಸೇಂತ್-ಎತಿಯೆನ್ನಿಂದ ಬರ್ತಿತ್ತು, ಎಲ್ಲಾ ಒಂದಕ್ಕೊಂದು ಸರಿಯಾಗಿ ಕೂರ್ತಿತ್ತು, ಹೊರಗಿನದು ಬೇಕಾಗೇ ಇರ್ಲಿಲ್ಲ. 1970ರ ದಶಕದ ಶುರುವಲ್ಲಿ ಅಮೆರಿಕದವರು ಹತ್ತು ಗೇರಿನ ಸೈಕಲ್ಲಿಗೆ ಮುಗಿಬಿದ್ದಾಗ ಫ್ರೆಂಚ್ ಸೈಕಲ್ ಲಕ್ಷಗಟ್ಟಲೆ ಹೋಯ್ತು, ಅಲ್ಲಿ ರಿಪೇರಿಗೆ ಪಾರ್ಟ್ ಸಿಗದೇ ಜನ ಪರದಾಡಿದ್ರು, ಅಷ್ಟರಲ್ಲಿ ಜಪಾನಿನ ಸನ್‌ಟೂರ್, ಶಿಮಾನೋ ಗೇರುಗಳು ಹಗುರಕ್ಕೆ ಬೀಳೋದೂ ಚೆನ್ನಾಗಿ ಬೀಳೋದೂ ನೋಡಿ ಆ ಕಡೆ ವಾಲಿದ್ರು. ಎಂಬತ್ತರ ದಶಕದಲ್ಲಿ ಫ್ರೆಂಚರೂ ಹಳೇ ಥ್ರೆಡ್ ಬಿಟ್ರು. ಫ್ರಾನ್ಸಿನ ಪಾರ್ಟ್ ಕಂಪನಿಗಳಾದ ಯುರೇ ಮತ್ತು ಮೈಯಾರ್ ಎರಡೂ ಜರ್ಮನಿಯ ಸಾಕ್ಸ್ ಕೈಗೆ ಹೋಗಿ, ಆ ಸಾಕ್ಸಿನ ಸೈಕಲ್ ವಿಭಾಗವನ್ನ 1997ರಲ್ಲಿ ಅಮೆರಿಕದ ಸ್ರಾಮ್ ಕಂಪನಿ ತಗೊಂಡ್ತು. ನೀವು ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಕಾಲೇಜ್ ವರ್ಕ್‌ಶಾಪಲ್ಲಿ ಒಂದು ಮಿಲಿಮೀಟರ್ ಪಿಚ್ ಥ್ರೆಡ್ಡನ್ನೂ ಇಂಚಿಗೆ 24ರ ಥ್ರೆಡ್ಡನ್ನೂ ಬೆಳಕಿಗೆ ಹಿಡಿದು ಹಲ್ಲಿಗೆ ಹಲ್ಲು ಕೂಡಿಸಿ ನೋಡಿ, ಮೊದಲ ನಾಲ್ಕೈದು ಹಲ್ಲು ಒಂದೇ ಅನಿಸ್ತವೆ, ಆಮೇಲೆ ನಿಧಾನಕ್ಕೆ ತಪ್ಪುತ್ತವೆ. ನಮ್ಮ ಮೆಕ್ಯಾನಿಕ್ಕುಗಳು ಮೋಸ ಹೋಗೋದು ಆ ಮೊದಲ ನಾಲ್ಕೈದು ಹಲ್ಲಲ್ಲೇ.

ಪ್ರಶ್ನೆ: ಹಳೇ ಸೈಕಲ್ಲಿನ ಕ್ರೋಮ್ ಫೋರ್ಕ್ ಮೇಲೆ ಸಣ್ಣ ಸಣ್ಣ ತುಕ್ಕು ಚುಕ್ಕೆ ಬಂದಿದೆ. ಸ್ಯಾಂಡ್ ಪೇಪರ್ ಹಾಕಿ ಉಜ್ಜಬಹುದಾ?

ಉತ್ತರ: ಸ್ಯಾಂಡ್ ಪೇಪರ್ ಬೇಡ, ಕ್ರೋಮೇ ಎದ್ದು ಹೋಗತ್ತೆ. ಅಡುಗೆ ಮನೇಲಿ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಇರತ್ತಲ್ಲ, ಅದನ್ನ ಉಂಡೆ ಮಾಡಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಕಪ್ಪಗೆ ಕೆಸರು ಬಿಡತ್ತೆ, ಅದರ ಜೊತೆ ತುಕ್ಕೂ ಬರತ್ತೆ. ಒದ್ದೆ ಬಟ್ಟೇಲಿ ಒರೆಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಆವತ್ತೇ ತೆಳ್ಳಗೆ ಮಷೀನ್ ಎಣ್ಣೆ ಸವರಿ. ಚುಕ್ಕೆ ಇದ್ದ ಕಡೆ ಗುಂಡಿ ಉಳ್ಕೊಂಡಿದ್ರೆ ಅದು ಹಾಗೇ ಇರತ್ತೆ, ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಎಣ್ಣೆ ಬಟ್ಟೆ ಆಡಿಸ್ತಿರಿ.